ಪರದೇಶದಲ್ಲಿ ಮಗನಿಗೆ ಜ್ವರ, ವೀಸಾಕ್ಕೆ ಗಂಡಾಂತರ

ಮಗ ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಓದುತ್ತಿದ್ದಾನೆ ಎಂದು ಹೇಳಿಕೊಳ್ಳುವ ಮನೆಗಳು ಈಗ ಬೆಂಗಳೂರು, ಮೈಸೂರುಗಳಿಗಷ್ಟೇ ಸೀಮಿತವಲ್ಲ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ನವೀನ್ ಉಕ್ರೇನಿನ ಖಾರ್ಕಿವ್ ನಗರದಲ್ಲಿ ಯುದ್ಧಕ್ಕೆ ಬಲಿಯಾದಾಗಲೇ, ಉತ್ತರ ಕರ್ನಾಟಕದ ಹಳ್ಳಿಗಳ ಮಕ್ಕಳು ಓದಿಗಾಗಿ ಎಷ್ಟು ದೂರ ಹೋಗಿದ್ದಾರೆ ಎಂಬುದು ನಾಡಿಗೆಲ್ಲ ತಿಳಿಯಿತು. ಅಥಣಿ, ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ, ಕಾಗವಾಡದ ಕಡೆಯ ಪಾಲಕರೂ ಹೊಲ, ದ್ರಾಕ್ಷಿ ತೋಟದ ಮೇಲೆ ಸಾಲ ಎತ್ತಿ ಮಕ್ಕಳನ್ನು ವಿಮಾನ ಹತ್ತಿಸುವ ಕಾಲವಿದು.

ಆರೋಗ್ಯದ ಅಂಕಣದಲ್ಲಿ ವೀಸಾದ ಮಾತೇಕೆ ಎಂದು ನೀವು ಕೇಳಬಹುದು. ಹೊರದೇಶದಲ್ಲಿ ಓದುವ ಹುಡುಗನ ವೀಸಾ ಹಾಜರಿ ಮತ್ತು ದಾಖಲಾತಿಯ ಮೇಲೆ ನಿಂತಿದೆ. ಹಾಜರಿ ಅವನ ಆರೋಗ್ಯದ ಮೇಲೆ ನಿಂತಿದೆ. ಒಂದು ತಿಂಗಳು ಹಾಸಿಗೆ ಹಿಡಿದರೆ ನಮ್ಮಲ್ಲಿ ಒಂದು ಪರೀಕ್ಷೆ ಹೋದೀತು, ಅಷ್ಟೆ. ಅಲ್ಲಿ ಆ ದೇಶದಲ್ಲಿ ಇರುವ ಹಕ್ಕೇ ಹೋದೀತು. ಇದು ಗೊತ್ತಿಲ್ಲದ ಹುಡುಗ ಕಾಯಿಲೆಯನ್ನು ಮುಚ್ಚಿಡುತ್ತಾನೆ. ಗೊತ್ತಿರುವ ಹುಡುಗನೂ ಹೆದರಿ ಮುಚ್ಚಿಡುತ್ತಾನೆ. ಎರಡರಲ್ಲೂ ಕೇಡು ಅವನಿಗೇ.

ವಿಚಿತ್ರವೆಂದರೆ, ಹೊರಡುವ ಮುನ್ನ ಅವನ ಆರೋಗ್ಯದ ಬಗ್ಗೆ ಸರಕಾರಗಳಿಗೆ ಎಲ್ಲಿಲ್ಲದ ಕಾಳಜಿ. ಬ್ರಿಟನ್ನಿಗೆ ಆರು ತಿಂಗಳಿಗಿಂತ ಹೆಚ್ಚು ಕಾಲ ಓದಲು ಹೋಗುವ ಭಾರತೀಯರು ಕ್ಷಯರೋಗ ಇಲ್ಲವೆಂಬ ಪ್ರಮಾಣಪತ್ರವನ್ನು, ಅವರು ಗೊತ್ತುಮಾಡಿದ ಆಸ್ಪತ್ರೆಯಿಂದಲೇ ತರಬೇಕು. ಆಸ್ಟ್ರೇಲಿಯಾ, ಕೆನಡಾಗಳೂ ಎದೆಯ ಎಕ್ಸ್‌ರೇ ಸಹಿತ ತಪಾಸಣೆ ಕೇಳುತ್ತವೆ. ವಿಮಾನ ಇಳಿದ ಮೇಲೆ ಮಾತ್ರ ‘ಹೇಗಿದ್ದೀಯಪ್ಪಾ’ ಎಂದು ಕೇಳುವವರು ಯಾರೂ ಇರುವುದಿಲ್ಲ.

ಎರಡು ಪಂಚಾಂಗಗಳು

ವಿದ್ಯಾರ್ಥಿ ವೀಸಾ ಎಂದರೆ ಇಷ್ಟು ವರ್ಷ ಇರು ಎಂಬ ಪರವಾನಗಿ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಓದುತ್ತಿರುವವರೆಗೆ ಇರು ಎಂಬುದು ಅದರ ಅರ್ಥ. ಅಮೆರಿಕದಲ್ಲಿ ಪದವಿ ವಿದ್ಯಾರ್ಥಿ ಪ್ರತಿ ಸೆಮಿಸ್ಟರಿನಲ್ಲಿ ಕನಿಷ್ಠ 12 ಕ್ರೆಡಿಟ್‌ಗಳಷ್ಟು ವಿಷಯ ತೆಗೆದುಕೊಂಡಿರಬೇಕು. ಸ್ನಾತಕೋತ್ತರದಲ್ಲಿ ಎಷ್ಟು ಎಂಬುದನ್ನು ಆಯಾ ವಿಶ್ವವಿದ್ಯಾಲಯ ಗೊತ್ತುಮಾಡುತ್ತದೆ. ಅದಕ್ಕಿಂತ ಕಡಿಮೆಯಾದರೆ ವಿಶ್ವವಿದ್ಯಾಲಯವೇ ಸರಕಾರದ ಗಣಕಯಂತ್ರಕ್ಕೆ ವರದಿ ಮಾಡಬೇಕು. ಆಸ್ಟ್ರೇಲಿಯಾದಲ್ಲಿ ಈ ಕಟ್ಟಳೆಗೆ 8202 ಎಂಬ ಸಂಖ್ಯೆಯೇ ಇದೆ: ದಾಖಲಾತಿ ಉಳಿಸಿಕೊಳ್ಳಬೇಕು, ಹಾಜರಿ ಮತ್ತು ಪ್ರಗತಿ ತೃಪ್ತಿಕರವಾಗಿರಬೇಕು. ಹಿಂದೆ ಅಲ್ಲಿ ವಿಶ್ವವಿದ್ಯಾಲಯ ನೋಟಿಸು ಕೊಟ್ಟ 28 ದಿನದೊಳಗೆ ವಿದ್ಯಾರ್ಥಿ ಕಚೇರಿಗೆ ಹೋಗಿ ಉತ್ತರಿಸದಿದ್ದರೆ ವೀಸಾ ತಾನಾಗಿಯೇ ರದ್ದಾಗುತ್ತಿತ್ತು. ಆ ಕಠೋರ ಪದ್ಧತಿಯನ್ನು 2013ರಲ್ಲಿ ಕೈಬಿಟ್ಟರು. ಈಗ ಅಧಿಕಾರಿ ವಿಚಾರಿಸಿ ತೀರ್ಮಾನಿಸುತ್ತಾನೆ. ಆದರೆ ರದ್ದುಮಾಡುವ ಅಧಿಕಾರ ಉಳಿದೇ ಇದೆ.

ಇನ್ನು ಕಾಯಿಲೆಯ ಲೆಕ್ಕ ನೋಡಿ. ಒಂದು ಸೆಮಿಸ್ಟರ್ ಎಂದರೆ ಹೆಚ್ಚುಕಡಿಮೆ ಹದಿನೈದು ವಾರ. ಖಿನ್ನತೆ ಎಂಬ ಮನೋವ್ಯಾಧಿ ಒಂದೇ ದಿನ ಬರುವುದಿಲ್ಲ. ಮೊದಲ ನಾಲ್ಕೈದು ವಾರ ಅದು ‘ಊರು ನೆನಪಾಗುತ್ತದೆ’, ‘ಆಯಾಸ’, ‘ಇಲ್ಲಿನ ಊಟ ಹಿಡಿಸುವುದಿಲ್ಲ’ ಎಂಬ ವೇಷದಲ್ಲಿರುತ್ತದೆ. ವೈದ್ಯರ ಭೇಟಿಗೆ ಸರದಿ ಸಿಗಲು ಇನ್ನೆರಡು ವಾರ. ಖಿನ್ನತೆಯ ಮಾತ್ರೆಗಳು ಕೆಲಸ ಮಾಡಲು ಎರಡರಿಂದ ಆರು ವಾರ ಹಿಡಿಯುತ್ತವೆ. ಅಲ್ಲಿಗೆ ಸೆಮಿಸ್ಟರ್ ಮುಗಿಯುತ್ತ ಬಂತು. ಕ್ಷಯವಾದರೆ ಔಷಧವೇ ಸಾಮಾನ್ಯವಾಗಿ ಆರು ತಿಂಗಳು. ಸೋಂಕು ಹರಡುವುದು ನಿಲ್ಲುವ ತನಕ ತರಗತಿಗೆ ಹೋಗುವಂತಿಲ್ಲ. ಕಾಮಾಲೆ, ವಿಷಮಶೀತ ಜ್ವರ, ಬೆನ್ನುಹುರಿಯ ಡಿಸ್ಕ್ ಸರಿಯುವುದು ಇವೆಲ್ಲ ಮೂರರಿಂದ ಆರು ವಾರದ ಗಿರಾಕಿಗಳು. ಕಾಯಿಲೆಯ ಪಂಚಾಂಗ ಬೇರೆ, ವೀಸಾದ ಪಂಚಾಂಗ ಬೇರೆ. ಎರಡೂ ಕೂಡುವುದಿಲ್ಲ.

ವಯಸ್ಸನ್ನೂ ಗಮನಿಸಿ. ಜೀವಮಾನದಲ್ಲಿ ಬರುವ ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಮುಕ್ಕಾಲು ಪಾಲು 24 ವರ್ಷದೊಳಗೇ ತಲೆದೋರುತ್ತವೆ ಎಂದು ಅಮೆರಿಕದ ದೊಡ್ಡ ಸಮೀಕ್ಷೆಯೊಂದು 2005ರಲ್ಲಿ ತೋರಿಸಿತು. ನಾವು ಮಕ್ಕಳನ್ನು ಹೊರದೇಶಕ್ಕೆ ಕಳಿಸುವುದೂ ಸರಿಯಾಗಿ ಅದೇ ವಯಸ್ಸಿನಲ್ಲಿ.

ನಿದ್ದೆಯಿಂದಲೇ ಮೊದಲು

ನೀವು ಪಾಲಕರಾಗಿದ್ದರೆ ಫೋನಿನಲ್ಲಿ ಏನು ಕೇಳುತ್ತೀರಿ? “ಉಂಡಿಯೇನಪಾ?” “ಹೂಂ ಬೇ ಅವ್ವಾ, ಉಂಡೇನಿ.” ಮಾತು ಮುಗಿಯಿತು. ಉಂಡಿದ್ದೇನೆ ಎಂದು ಯಾರು ಬೇಕಾದರೂ ಹೇಳಬಹುದು. ನಿದ್ದೆಯ ವಿಷಯದಲ್ಲಿ ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ.

ಇದಕ್ಕೆ ಗಡಿಯಾರದ ಲೆಕ್ಕ ತಿಳಿದಿರಬೇಕು. ಮಗ ಶಿಕಾಗೋದ ಕಡೆ ಇದ್ದಾನೆ ಎನ್ನಿ. ಚಳಿಗಾಲದಲ್ಲಿ ತೆಲಸಂಗದಲ್ಲಿ ರಾತ್ರಿ ಎಂಟಾದಾಗ ಅಲ್ಲಿ ಬೆಳಗಿನ ಎಂಟೂವರೆ. ಆಗ ಅವನು ನಿದ್ದೆಗಣ್ಣಿನಲ್ಲಿ ಮಾತಾಡಿದರೆ ಚಿಂತೆಯಿಲ್ಲ. ಆದರೆ ನಮ್ಮ ಬೆಳಗಿನ ಆರಕ್ಕೆ ಅಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ವಾರಗಟ್ಟಲೆ ಆ ಹೊತ್ತಿನಲ್ಲೂ ಅವನು ಮಲಗಿಯೇ ಇದ್ದರೆ, ದನಿ ಭಾರವಾಗಿದ್ದರೆ, ‘ಆಮೇಲೆ ಮಾತಾಡ್ತೀನಿ’ ಎಂದು ಫೋನ್ ಇಟ್ಟುಬಿಟ್ಟರೆ, ಅವನು ಹಗಲು ಮಲಗಿ ರಾತ್ರಿ ಎಚ್ಚರವಿರುತ್ತಿದ್ದಾನೆ ಎಂದರ್ಥ. ಹಗಲು ಮಲಗಿದವನು ತರಗತಿಗೆ ಹೋಗಿರಲಾರ.

ಇದಕ್ಕೆ ಖಿನ್ನತೆಯೇ ಕಾರಣವಾಗಬೇಕಿಲ್ಲ. ರಾತ್ರಿ ಪಾಳಿಯ ದುಡಿಮೆಯೂ ಇರಬಹುದು. ವಿದ್ಯಾರ್ಥಿಗಳು ಎಷ್ಟು ಹೊತ್ತು ದುಡಿಯಬಹುದು ಎಂಬುದಕ್ಕೂ ಮಿತಿಯಿದೆ. ಪಾಠ ನಡೆಯುವ ದಿನಗಳಲ್ಲಿ ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗೆ ವಾರಕ್ಕೆ 20 ತಾಸು, ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಹದಿನೈದು ದಿನಕ್ಕೆ 48 ತಾಸು, ಕೆನಡಾದಲ್ಲಿ 2024ರ ನವೆಂಬರಿನಿಂದ ವಾರಕ್ಕೆ 24 ತಾಸು. ಸಾಲದ ಕಂತು ನೆನೆದು ಮಿತಿ ಮೀರಿ, ಗೋದಾಮಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ ರಾತ್ರಿಯಿಡೀ ನಿಲ್ಲುವವರು ಇದ್ದಾರೆ. ಹೀಗೆ ದುಡಿಯುವವನಿಗೆ ಎರಡು ಕಡೆಯಿಂದ ಪೆಟ್ಟು. ಮಿತಿ ಮೀರಿದ ದುಡಿಮೆಯೇ ವೀಸಾ ರದ್ದಿಗೆ ಕಾರಣವಾಗಬಲ್ಲದು. ನಿದ್ದೆಗೆಟ್ಟು ಪರೀಕ್ಷೆಯಲ್ಲಿ ನಪಾಸಾದರೆ ‘ತೃಪ್ತಿಕರ ಪ್ರಗತಿ’ ಎಂಬ ಇನ್ನೊಂದು ಕಟ್ಟಳೆಯೂ ಮುರಿಯುತ್ತದೆ. ದಿನಕ್ಕೆ ನಾಲ್ಕೈದು ತಾಸು ಮಾತ್ರ ಮಲಗುವವನ ನೆನಪಿನ ಶಕ್ತಿ, ಏಕಾಗ್ರತೆ ಒಂದೆರಡು ವಾರದಲ್ಲೇ ಕುಗ್ಗುತ್ತವೆ. ಅದು ಅವನಿಗೇ ಗೊತ್ತಾಗುವುದಿಲ್ಲ ಎಂಬುದು ಇದರ ಇನ್ನೊಂದು ಮೋಸ.

ಬಿಸಿಲಿನ ಮಾತನ್ನೂ ಹೇಳಬೇಕು. ನಮ್ಮ ಕಡೆ ವರ್ಷದ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ತಾಸು ಇರುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಡಿಸೆಂಬರಿನ ಹಗಲು ಏಳೇ ತಾಸು, ಕೆನಡಾದ ಟೊರಾಂಟೋದಲ್ಲಿ ಸುಮಾರು ಒಂಬತ್ತು. ಬಿಸಿಲಿನಲ್ಲೇ ಬೆಳೆದ ಮೈಗೆ ಇದು ಹೊಸದು. ಕೆಲವರಿಗೆ ಚಳಿಗಾಲದಲ್ಲಿ ಮಾತ್ರ ಬರುವ ಒಂದು ಬಗೆಯ ಖಿನ್ನತೆ ಉಂಟು: ನಿದ್ದೆ ಹೆಚ್ಚು, ಸಿಹಿಯ ಆಸೆ ಹೆಚ್ಚು, ಉತ್ಸಾಹವಿಲ್ಲ. ನಮ್ಮ ಮೈಬಣ್ಣದವರಿಗೆ ಆ ದೇಶಗಳಲ್ಲಿ ‘ಡಿ’ ಜೀವಸತ್ವದ ಕೊರತೆ ಬೇಗ ಬರುತ್ತದೆ. ಮೈಕೈ ನೋವು, ಸುಸ್ತು ಎಂದರೆ ಒಂದು ರಕ್ತಪರೀಕ್ಷೆ ಮಾಡಿಸಲು ಹೇಳಿ. ಥೈರಾಯ್ಡ್, ರಕ್ತಹೀನತೆಗಳನ್ನೂ ಅದರ ಜೊತೆಗೇ ನೋಡಬಹುದು.

ಮುಚ್ಚಿಡುವುದೇಕೆ?

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ದ್ರಾಕ್ಷಿ ಬೆಳೆಗಾರನೊಬ್ಬನ ಮಗ. ತೋಟ ಅಡವಿಟ್ಟು ಕಳಿಸಿದ್ದಾರೆ. ಹೊರಡುವ ದಿನ ಊರವರೆಲ್ಲ ಸೇರಿ ಶಾಲು ಹೊದಿಸಿ ಕಳಿಸಿದ್ದಾರೆ. ಆರು ತಿಂಗಳಿಗೆ ಅವನಿಗೆ ಓದು ಹತ್ತುವುದಿಲ್ಲ, ಎದ್ದು ಕೂರಲೂ ಆಗುವುದಿಲ್ಲ. ಅಪ್ಪನಿಗೆ ಹೇಳುವುದು ಹೇಗೆ? ಡಾಕ್ಟರಿಗೆ ಹೇಳಿದರೆ ಕಾಗದಪತ್ರದಲ್ಲಿ ‘ಮಾನಸಿಕ’ ಎಂದು ಬರೆದುಬಿಟ್ಟಾರು, ಅದನ್ನು ನೋಡಿ ವೀಸಾ ಕಿತ್ತುಕೊಂಡಾರು ಎಂಬ ಹೆದರಿಕೆ ಬೇರೆ. ಹಾಗಾಗಿ ಯಾರಿಗೂ ಹೇಳದೆ ಒಂದೊಂದೇ ವಿಷಯ ಬಿಡುತ್ತಾನೆ. ವಿಶ್ವವಿದ್ಯಾಲಯದಿಂದ ಬಂದ ಪತ್ರಗಳನ್ನು ತೆರೆಯುವುದಿಲ್ಲ. ಪತ್ರ ತೆರೆಯದಿರುವುದು ಸೋಮಾರಿತನವಲ್ಲ, ಅದೇ ಕಾಯಿಲೆಯ ಲಕ್ಷಣ.

ಈ ಹೆದರಿಕೆ ತಿರುವುಮುರುವಾಗಿದೆ. ಕಾಯಿಲೆ ಬಿದ್ದವನಿಗೆ ಕಾನೂನು ಬಾಗಿಲು ತೆರೆದಿಟ್ಟಿದೆ. ಮುಚ್ಚಿಟ್ಟವನಿಗೆ ಮಾತ್ರ ಆ ಬಾಗಿಲಿಲ್ಲ. ಅಮೆರಿಕದ ನಿಯಮದ ಪ್ರಕಾರ ವೈದ್ಯರ ಅಥವಾ ಪರವಾನಗಿ ಪಡೆದ ಮನಶ್ಶಾಸ್ತ್ರಜ್ಞರ ಪತ್ರವಿದ್ದರೆ ಕಾಯಿಲೆಯ ಕಾರಣಕ್ಕೆ ಕಡಿಮೆ ವಿಷಯ ಓದಲು, ಅಗತ್ಯವಿದ್ದರೆ ಒಂದೂ ಓದದೆ ಚಿಕಿತ್ಸೆ ಪಡೆಯಲು ಕೂಡ ಅನುಮತಿ ಸಿಗುತ್ತದೆ. ಒಂದು ಹಂತದ ಓದಿನಲ್ಲಿ ಎಲ್ಲ ಸೇರಿ 12 ತಿಂಗಳವರೆಗೆ. ಖಿನ್ನತೆಯೂ ಕಾಯಿಲೆಯೇ, ಕಾಲು ಮುರಿದವನಿಗೂ ಮನಸ್ಸು ಮುರಿದವನಿಗೂ ಅಲ್ಲಿ ಒಂದೇ ನಿಯಮ. ಆದರೆ ಒಂದು ಗಂಟಿದೆ: ಅನುಮತಿ ಮೊದಲು, ವಿಷಯ ಬಿಡುವುದು ಆಮೇಲೆ. ಹಿಂದುಮುಂದಾದರೆ ಕಾಯಿಲೆ ನಿಜವಿದ್ದರೂ ನಿಯಮಭಂಗವೇ. ಪ್ರತಿ ಸೆಮಿಸ್ಟರಿಗೂ ಅನುಮತಿಯನ್ನು ಹೊಸದಾಗಿ ಪಡೆಯಬೇಕು.

ಕೆನಡಾದಲ್ಲಿ ಕಾಲೇಜು ಒಪ್ಪಿದರೆ ಕಾಯಿಲೆಗಾಗಿ 150 ದಿನಗಳವರೆಗೆ ಬಿಡುವು ಪಡೆಯಬಹುದು. ಬ್ರಿಟನ್ನಿನಲ್ಲಿ ಈ ಅವಧಿ ಸಾಮಾನ್ಯವಾಗಿ 60 ದಿನ. ಅದಕ್ಕೂ ಮೀರಿದರೆ ವಿಶ್ವವಿದ್ಯಾಲಯ ತನ್ನ ಪ್ರಾಯೋಜಕತ್ವ ಹಿಂತೆಗೆದುಕೊಳ್ಳುತ್ತದೆ, ಹುಡುಗ ಮನೆಗೆ ಬಂದು ಗುಣವಾದ ಮೇಲೆ ಹೊಸ ವೀಸಾ ಪಡೆದು ಹೋಗಬೇಕು. ಆಸ್ಟ್ರೇಲಿಯಾದಲ್ಲಿ ‘ಅನುಕಂಪಕ್ಕೆ ಅರ್ಹವಾದ ಅಥವಾ ಅನಿವಾರ್ಯ’ ಸನ್ನಿವೇಶದಲ್ಲಿ ದಾಖಲಾತಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯಲು ಅವಕಾಶವಿದೆ. ವೈದ್ಯರ ಪತ್ರವಿರುವ ಗಂಭೀರ ಕಾಯಿಲೆ ಅದರಲ್ಲಿ ಸೇರುತ್ತದೆ. ಸರಕಾರಕ್ಕೆ ವರದಿ ಮಾಡುವ ಮುನ್ನ ವಿದ್ಯಾರ್ಥಿಗೆ ಲಿಖಿತ ಸೂಚನೆ ಕೊಟ್ಟು ಮೇಲ್ಮನವಿಗೆ 20 ಕೆಲಸದ ದಿನ ಬಿಡಬೇಕು ಎಂಬುದು ಅಲ್ಲಿನ ನಿಯಮ. ತೆರೆಯದೆ ಬಿಟ್ಟ ಪತ್ರದಲ್ಲಿ ಇರುವುದು ಹೆಚ್ಚಾಗಿ ಇದೇ ಸೂಚನೆ. ಈ ನಿಯಮಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ಏಜೆಂಟನ ಮಾತು ನಂಬಿ ಕೂರದೆ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲೇ ಕೇಳಲು ಮಗನಿಗೆ ಹೇಳಿ.

ವೈದ್ಯರ ಪತ್ರದಲ್ಲಿ ಏನಿರಬೇಕು?

ರೋಗದ ಇಡೀ ಪುರಾಣ ಬೇಕಿಲ್ಲ. ಯಾವ ದಿನಾಂಕದಿಂದ ಚಿಕಿತ್ಸೆಯಲ್ಲಿದ್ದಾನೆ, ಪೂರ್ಣಾವಧಿಯ ಓದು ಈಗ ಯಾಕೆ ಸಾಧ್ಯವಿಲ್ಲ, ಎಷ್ಟು ಕಾಲದವರೆಗೆ, ಎಷ್ಟು ವಿಷಯ ಕಡಿಮೆ ಮಾಡಬೇಕು, ಇವಿಷ್ಟು ಸ್ಪಷ್ಟವಾಗಿರಬೇಕು. ಪತ್ರ ಅಲ್ಲಿನ ವೈದ್ಯರದೇ ಆಗಿದ್ದರೆ ಒಳ್ಳೆಯದು. ಅನೇಕ ವಿಶ್ವವಿದ್ಯಾಲಯಗಳು ಅದನ್ನೇ ಕೇಳುತ್ತವೆ.

ಇಲ್ಲೊಂದು ಕಹಿ ಮಾತು. ನಮ್ಮ ಕಡೆ ಶಾಲೆಗೆ ರಜೆ ಹಾಕಿದ ಮೇಲೆ ಪರಿಚಯದ ಡಾಕ್ಟರರ ಬಳಿ ಹೋಗಿ “ಹಿಂದಿನ ತಾರೀಖು ಹಾಕಿ ಒಂದು ಸರ್ಟಿಫಿಕೇಟ್ ಕೊಡ್ರಿ ಸಾಹೇಬ್ರ” ಎಂದು ಕೇಳುವ ರೂಢಿಯಿದೆ. ಕೊಡುವವರೂ ಇದ್ದಾರೆ. ಮಗನ ವೀಸಾ ವಿಷಯದಲ್ಲಿ ಈ ಸಾಹಸ ಬೇಡವೇ ಬೇಡ. ಅವನು ಅಮೆರಿಕದಲ್ಲಿದ್ದ ದಿನ ಅಥಣಿಯಲ್ಲೋ ಮೀರಜದಲ್ಲೋ ನಾಡಿ ಹಿಡಿದು ನೋಡಿದೆ ಎಂದು ಬರೆದ ಪತ್ರವನ್ನು ಪಾಸ್‌ಪೋರ್ಟಿನ ಮೊಹರೇ ಸುಳ್ಳೆಂದು ತೋರಿಸುತ್ತದೆ. ದಾಖಲಾತಿಯ ತಪ್ಪನ್ನು ಕ್ಷಮಿಸಬಹುದಾಗಿದ್ದ ಅಧಿಕಾರಿ, ಸುಳ್ಳು ಕಾಗದವನ್ನು ಕ್ಷಮಿಸುವುದಿಲ್ಲ. ಮುಂದಿನ ಎಲ್ಲ ಅರ್ಜಿಗಳಿಗೂ ಆ ಕಲೆ ಅಂಟಿಕೊಳ್ಳುತ್ತದೆ.

ಇನ್ನು ಕೆಲವರು ಮಗನಿಗೆ ಮೈಯಲ್ಲಿ ಹುಷಾರಿಲ್ಲ ಎಂದ ಕೂಡಲೇ ‘ವಿಮಾನ ಹತ್ತಿ ಬಾ, ಮೀರಜದಾಗ ತೋರಸೂಣು’ ಎನ್ನುತ್ತಾರೆ. ಅದರಲ್ಲಿ ತಪ್ಪಿಲ್ಲ. ಮನೆಯ ರೊಟ್ಟಿ, ಅವ್ವನ ಕೈ ಇವೂ ಔಷಧವೇ. ಆದರೆ ಕಚೇರಿಗೆ ತಿಳಿಸದೆ ಬರಬಾರದು. ಅಮೆರಿಕದಲ್ಲಿ ಅನುಮತಿ ಪಡೆದು ಓದು ನಿಲ್ಲಿಸಿದವನಿಗೆ ದೇಶ ಬಿಡಲು 15 ದಿನ ಸಿಗುತ್ತದೆ. ಹೇಳದೆ ಬಿಟ್ಟವನಿಗೆ ಒಂದು ದಿನವೂ ಇಲ್ಲ. ಐದು ತಿಂಗಳೊಳಗೆ ಮರಳಿದರೆ ಹಳೆಯ ದಾಖಲೆಯಲ್ಲೇ ಮುಂದುವರಿಯಲು ದಾರಿಯುಂಟು. ಅದಕ್ಕಿಂತ ತಡವಾದರೆ ಎಲ್ಲವನ್ನೂ ಹೊಸದಾಗಿ ಶುರುಮಾಡಬೇಕು. ಇಲ್ಲಿ ತೋರಿಸಿದ ವೈದ್ಯರ ಚೀಟಿ, ವರದಿ, ಬಿಲ್ಲುಗಳನ್ನು ಇಂಗ್ಲಿಷಿನಲ್ಲಿ ದಿನಾಂಕ ಸಹಿತ ಪಡೆದು ಜೋಪಾನವಾಗಿಡಿ.

ಕಾಯಿಲೆಯಿಂದಾಗಿ ನಿಯಮಭಂಗ ಆಗಿಯೇ ಹೋಗಿದ್ದರೆ? ಅಮೆರಿಕದ ನಿಯಮದಲ್ಲಿ ಸ್ಥಾನಮಾನವನ್ನು ಮರಳಿ ಪಡೆಯಲು ಅರ್ಜಿ ಹಾಕುವ ಅವಕಾಶವಿದೆ. ವಿದ್ಯಾರ್ಥಿಯ ಕೈಮೀರಿದ ಕಾರಣಗಳು ಎಂದು ಹೆಸರಿಸಿರುವುದರಲ್ಲಿ ಗಂಭೀರ ಗಾಯ ಅಥವಾ ಕಾಯಿಲೆಯೇ ಮೊದಲನೆಯದು. ಸಾಮಾನ್ಯವಾಗಿ ಐದು ತಿಂಗಳೊಳಗೆ ಅರ್ಜಿ ಹಾಕಬೇಕು. ಅಲ್ಲಿನ ವಕೀಲರನ್ನು ಕಾಣದೆ ಈ ಕೆಲಸಕ್ಕೆ ಕೈಹಾಕಬೇಡಿ.

ಓದದೇ ವೀಸಾ ಉಳಿಸಿಕೊಡುತ್ತೇವೆ ಎನ್ನುವವರು

ಸುಸ್ತಾದ ಹುಡುಗನ ಕಿವಿಗೆ ಇಂಥ ಮಾತು ಬಹಳ ಹಿತವಾಗಿ ಕೇಳಿಸುತ್ತದೆ. ‘ಆ ಕಾಲೇಜಿಗೆ ವರ್ಗಾಯಿಸಿಕೋ, ತರಗತಿಗೆ ಹೋಗಬೇಕಾಗಿಲ್ಲ.’ ಕ್ಯಾಲಿಫೋರ್ನಿಯಾದ ಟ್ರೈ ವ್ಯಾಲಿ ಎಂಬ ವಿಶ್ವವಿದ್ಯಾಲಯ 2011ರ ಜನವರಿಯಲ್ಲಿ ಹೀಗೆಯೇ ಮುಚ್ಚಿತು. ಸಾವಿರಕ್ಕೂ ಹೆಚ್ಚು ಭಾರತೀಯರು ಬೀದಿಗೆ ಬಿದ್ದರು, ಕೆಲವರ ಕಾಲಿಗೆ ಜಾಡು ಹಿಡಿಯುವ ರೇಡಿಯೋ ಪಟ್ಟಿ ಕಟ್ಟಿದರು. ಮಿಶಿಗನ್ನಿನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯವಂತೂ ಸರಕಾರವೇ ಬಲೆಯಾಗಿ ಹುಟ್ಟುಹಾಕಿದ್ದು. 2019ರ ಜನವರಿ ಕೊನೆಯಲ್ಲಿ ಬಂಧಿಸಿದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ಅದು ನ್ಯಾಯವೋ ಅನ್ಯಾಯವೋ ಎಂಬ ವಾದ ಬೇರೆ. ಪಾಲಕರು ಕೇಳಬೇಕಾದ ಪ್ರಶ್ನೆ, ಮಗ ಕಾಲೇಜು ಬದಲಿಸಿದ್ದೇಕೆ ಎಂಬುದು.

ತಪ್ಪಿಲ್ಲದವರಿಗೂ ಪೆಟ್ಟು ಬೀಳುವುದುಂಟು. 2025ರ ಏಪ್ರಿಲಿನಲ್ಲಿ ಅಮೆರಿಕ ಸರಕಾರ ಸಾವಿರಾರು ವಿದ್ಯಾರ್ಥಿಗಳ ದಾಖಲೆಗಳನ್ನು ಏಕಾಏಕಿ ಕೊನೆಗೊಳಿಸಿ, ನ್ಯಾಯಾಲಯಗಳಲ್ಲಿ ದಾವೆಗಳು ಬಿದ್ದ ಮೇಲೆ ಅದೇ ತಿಂಗಳ ಕೊನೆಗೆ ಮರಳಿ ಚಾಲೂ ಮಾಡಲು ಒಪ್ಪಿತು. ಅಂಥ ವಾರಗಳಲ್ಲಿ ಎದೆ ಡವಡವ, ಹೊಟ್ಟೆ ತೊಳಸುವುದು, ರಾತ್ರಿ ಬೆಚ್ಚಿಬೀಳುವುದು ಸಹಜ. ಎರಡು ವಾರ ದಾಟಿಯೂ ಹೋಗದಿದ್ದರೆ ಚಿಕಿತ್ಸೆ ಬೇಕು.

ಹೊರಡುವ ಮುನ್ನ

ಮೊದಲೇ ಆಸ್ತಮಾ, ಮೂರ್ಛೆರೋಗ, ಥೈರಾಯ್ಡ್, ಖಿನ್ನತೆ ಇದ್ದರೆ ಮುಚ್ಚಿಡಬೇಡಿ. ಔಷಧದ ಮೂಲ ಹೆಸರು ಬರೆದ ಇಂಗ್ಲಿಷ್ ಚೀಟಿ ಅವನ ಕೈಚೀಲದಲ್ಲಿರಲಿ. ಯಾವ ಔಷಧ ಎಷ್ಟು ಒಯ್ಯಬಹುದು ಎಂದು ಆ ದೇಶದ ನಿಯಮ ನೋಡಿಕೊಳ್ಳಿ. ‘ಹೊಸ ಊರಿಗೆ ಹೋಗ್ತಾನ, ಇನ್ನು ಗುಳಿಗಿ ಯಾಕ’ ಎಂದು ನಿಲ್ಲಿಸಬೇಡಿ. ಮೂರ್ಛೆರೋಗದ ಮಾತ್ರೆ ಹಠಾತ್ತನೆ ನಿಲ್ಲಿಸಿದರೆ ಪ್ರಾಣಾಪಾಯವಿದೆ. ಖಿನ್ನತೆಯ ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದು ಹೆಚ್ಚಾಗಿ ಮೊದಲ ಸೆಮಿಸ್ಟರಿನ ನಡುವೆಯೇ. ವಿಮೆಯ ಕಾಗದವನ್ನು ಓದಿಸಿ: ಮಾನಸಿಕ ಚಿಕಿತ್ಸೆ ಸೇರಿದೆಯೇ, ಮೊದಲೇ ಇದ್ದ ಕಾಯಿಲೆಗೆ ಎಷ್ಟು ತಿಂಗಳು ಕಾಯಬೇಕು?

ಇನ್ನೊಂದು ಸಂಗತಿ ಹಲವು ಪಾಲಕರಿಗೆ ಗೊತ್ತಿಲ್ಲ. ಅಮೆರಿಕದಲ್ಲಿ 1974ರ ಕಾನೂನಿನಂತೆ ಕಾಲೇಜು ವಿದ್ಯಾರ್ಥಿಯ ದಾಖಲೆ ಅವನ ಸ್ವಂತ ಸೊತ್ತು. ಫೀ ಕಟ್ಟಿದವರು ನೀವೇ ಆದರೂ ಅವನ ಒಪ್ಪಿಗೆಯಿಲ್ಲದೆ ಹಾಜರಿಯನ್ನು ನಿಮಗೆ ತಿಳಿಸಬೇಕಾದ ಬಾಧ್ಯತೆ ಕಾಲೇಜಿಗಿಲ್ಲ. ಆದ್ದರಿಂದ ಹೋದ ಮೊದಲ ವಾರವೇ ಒಪ್ಪಿಗೆ ಪತ್ರಕ್ಕೆ ಅವನು ಸಹಿ ಹಾಕುವಂತೆ ಮಾತಾಡಿಕೊಳ್ಳಿ. ಗದರಿಸಿ ಅಲ್ಲ, ಒಪ್ಪಿಸಿ. ನಿಮ್ಮ ಮಗನ ಕೋಣೆಯಲ್ಲಿರುವ ಇಬ್ಬರು ಗೆಳೆಯರ ಫೋನ್ ನಂಬರೂ ನಿಮ್ಮಲ್ಲಿರಲಿ.

ಸಾಯುವ ಮಾತು ಬಾಯಿಗೆ ಬಂದರೆ ಅದನ್ನು ಬೆದರಿಕೆ ಎಂದು ತಳ್ಳಿಹಾಕಬೇಡಿ. ಅಮೆರಿಕ ಮತ್ತು ಕೆನಡಾದಲ್ಲಿ 988, ಬ್ರಿಟನ್ನಿನಲ್ಲಿ 116 123, ಆಸ್ಟ್ರೇಲಿಯಾದಲ್ಲಿ 13 11 14 ನಂಬರುಗಳಿಗೆ ಹಗಲುರಾತ್ರಿ ಕರೆ ಮಾಡಬಹುದು. ಕರೆ ಮಾಡಿದರೆ ವೀಸಾಕ್ಕೆ ತೊಂದರೆ ಎಂಬ ಗಾಳಿಮಾತು ಬಿಡಿ.

ಮರಳಿ ಬಂದವನಿಗೆ

ಎಲ್ಲ ಮಾಡಿಯೂ ವೀಸಾ ರದ್ದಾಗಿ ಹುಡುಗ ಮನೆಗೆ ಬರಬಹುದು. ಆ ಮೊದಲ ಎರಡು ಮೂರು ತಿಂಗಳು ಬಹಳ ಸೂಕ್ಷ್ಮ. ಬಂದವರೆಲ್ಲ ‘ಯಾವಾಗ ಹೊಳ್ಳಿ ಹೋಗಾಂವ ತಮ್ಮಾ?’ ಎಂದು ಕೇಳುತ್ತಾರೆ. ಉತ್ತರ ಕೊಡುವ ಕೆಲಸ ಅಪ್ಪನೋ ದೊಡ್ಡಪ್ಪನೋ ವಹಿಸಿಕೊಳ್ಳಲಿ. ‘ಮೈಯಾಗ ಆರಾಮ ಇದ್ದಿದ್ದಿಲ್ಲ, ಬಂದಾನ’ ಎಂದರೆ ಸಾಕು. ಸಾಲದ ಲೆಕ್ಕವನ್ನು ಅವನ ಊಟದ ಮುಂದೆ ತೆಗೆಯಬೇಡಿ. ಹಾಗೆಂದು ಲೆಕ್ಕ ಮುಚ್ಚಿಡುವುದೂ ಬೇಡ; ಅವನು ಚೇತರಿಸಿಕೊಂಡ ಮೇಲೆ ಬ್ಯಾಂಕಿಗೆ ಅವನನ್ನೇ ಜೊತೆಗೆ ಕರೆದೊಯ್ಯಿರಿ. ಕೋಣೆಯ ಬಾಗಿಲು ಹಾಕಿಕೊಂಡೇ ಇದ್ದರೆ, ಊಟ ಬಿಟ್ಟರೆ, ತನ್ನ ವಸ್ತುಗಳನ್ನು ಅವರಿವರಿಗೆ ಹಂಚತೊಡಗಿದರೆ ತಡಮಾಡಬೇಡಿ. ತೋಟದ ಮನೆಯಲ್ಲಿ ಇಟ್ಟ ಕೀಟನಾಶಕದ ಡಬ್ಬಿಗಳಿಗೆ ಬೀಗ ಹಾಕಿ, ಕೀಲಿಯನ್ನು ನೀವೇ ಇಟ್ಟುಕೊಳ್ಳಿ.

ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಯಲ್ಲಿ, ಬೆಳಗಾವಿ, ವಿಜಯಪುರಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವಿವರವನ್ನು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಬಹುದು. ಅಲ್ಲಿಯವರೆಗೆ ಹೋಗಲು ಹುಡುಗ ಒಪ್ಪದಿದ್ದರೆ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಇದೆ. ನಂಬರು 14416. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಎಷ್ಟು ಹೊತ್ತಿಗಾದರೂ ಎತ್ತಿಕೊಳ್ಳುತ್ತಾರೆ. ಅವನು ಮಾಡದಿದ್ದರೆ ನೀವೇ ಮಾಡಿ ಕೇಳಬಹುದು.